ಹುಲ್ಲುಹಾಸನ್ನು ಬೋಳಿಸುವ ಸಲಹೆ ಬೇಡ

ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಹಿತ್ತಲಿನ ಹುಲ್ಲುಹಾಸಿನ ಆರೈಕೆ ಕುರಿತು ಬಂದ ಲೇಖನ ಓದಿದೆ. ಬಿಸಿಲು ಏರುವ ಮುನ್ನ ಹುಲ್ಲನ್ನು ನೆಲಕ್ಕಂಟುವಷ್ಟು ಗಿಡ್ಡವಾಗಿ ಕತ್ತರಿಸಿ, ಕತ್ತರಿಸಿದ್ದನ್ನು ಒಂದೆಳೆಯೂ ಉಳಿಯದಂತೆ ಬಾಚಿ ಹೊರಗೆ ಹಾಕಿ, ಆಮೇಲೆ ದಿನವೂ ಸಂಜೆ ಹತ್ತು ನಿಮಿಷ ನೀರು ಚಿಮುಕಿಸಿ ಎಂದು ಅದರಲ್ಲಿದೆ. ಮೂರಕ್ಕೆ ಮೂರೂ ತಪ್ಪು ಸಲಹೆ. ಆದರೆ ಮೊದಲನೆಯದು ಸರಿಹೋದರೆ ಉಳಿದೆರಡು ತಾವಾಗಿ ಬಿದ್ದುಹೋಗುತ್ತವೆ, ಆದ್ದರಿಂದ ನನ್ನ ತಕರಾರು ಮುಖ್ಯವಾಗಿ ಅದರ ಮೇಲೆ.

ನಾನು ಬೇರೆಯವರ ಮನೆಯ ಹುಲ್ಲು ಕತ್ತರಿಸಿ ಬದುಕುವವನು. ಹುಲ್ಲು ಕೆಟ್ಟಷ್ಟೂ ನನಗೆ ಕೆಲಸ ಹೆಚ್ಚು: ಕಳೆ ಕೀಳುವುದು, ಬೋಳುಬಿದ್ದ ಕಡೆ ಹೊಸ ಹುಲ್ಲು ನೆಡುವುದು, ಗೊಬ್ಬರ ಎರಚುವುದು, ಎಲ್ಲಕ್ಕೂ ಕರೆ ಬರುತ್ತದೆ. ಸ್ವಂತ ಲಾಭ ನೋಡುವುದಾದರೆ ಆ ಲೇಖನದ ಪ್ರತಿಗಳನ್ನು ತೆಗೆಸಿ ನಾನೇ ಮನೆಮನೆಗೆ ಹಂಚಬೇಕಿತ್ತು.

‘ಕ್ಷೌರ ಮಾಡಿದ ಹಾಗೆ ಕಾಣಬೇಕು’ ಎಂಬ ಮಾತನ್ನು ಈ ಕೆಲಸದಲ್ಲಿರುವ ಯಾರೂ ಕೇಳದೆ ಇರಲಾರರು. ಕೊಟ್ಟ ಕೂಲಿಗೆ ತಕ್ಕಷ್ಟು ಹುಲ್ಲು ಹೋಗಿರಬೇಕು, ಮತ್ತೆ ಬೇಗ ಕರೆಸುವ ಗೋಜು ಇರಬಾರದು ಎಂಬುದು ಮನೆಯವರ ಲೆಕ್ಕ. ಆದರೆ ಕೂದಲಿನ ತುದಿ ಜೀವವಿಲ್ಲದ್ದು, ಬೋಳಿಸಿದರೆ ತಲೆಗೇನೂ ನಷ್ಟವಿಲ್ಲ. ಹುಲ್ಲಿನ ಎಸಳು ಹಾಗಲ್ಲ. ಬೆಳಕನ್ನು ಹಿಡಿದು ಆಹಾರ ತಯಾರಿಸುವುದು ಅದೇ, ಆ ಆಹಾರದಿಂದಲೇ ಬೇರು ಇಳಿಯುವುದು. ಹುಲ್ಲಿನ ಬೆಳೆಯುವ ಮೊಳಕೆ ಮಣ್ಣಿಗೆ ತಾಗಿದಂತೆ ಬುಡದಲ್ಲಿರುತ್ತದೆ. ದನ ಮೇಯ್ದರೂ ನಾವು ಕತ್ತರಿಸಿದರೂ ಅದು ಮತ್ತೆ ಚಿಗುರುವುದು ಅದರಿಂದಲೇ. ಚಿಗುರುತ್ತದೆ ಎಂಬ ಮಾತ್ರಕ್ಕೆ ಅದಕ್ಕೆ ಏನೂ ಆಗಲಿಲ್ಲ ಎಂದು ನಾವು ಭಾವಿಸಿಬಿಡುತ್ತೇವೆ. ಎಲೆ ಕಳೆದುಕೊಂಡ ಹುಲ್ಲು ಮೊದಲು ಎಲೆಯನ್ನು ಮರಳಿ ಪಡೆಯಲು ನೋಡುತ್ತದೆ, ಬೇರಿನ ಪಾಲನ್ನು ಅಲ್ಲಿಗೆ ನಿಲ್ಲಿಸುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಎಫ್. ಜೆ. ಕ್ರೈಡರ್ ಅವರು ಹುಲ್ಲಿನ ಎಲೆಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ, ಕೆಳಗೆ ಬೇರು ಏನು ಮಾಡುತ್ತದೆ ಎಂಬುದನ್ನು ಗಮನಿಸಿ 1955ರಲ್ಲಿ ವರದಿ ಪ್ರಕಟಿಸಿದರು. ಅರ್ಧಕ್ಕಿಂತ ಕಡಿಮೆ ತೆಗೆದಾಗ ಬೇರು ತನ್ನ ಪಾಡಿಗೆ ಬೆಳೆಯಿತು. ಶೇ 80ರಷ್ಟು ತೆಗೆದಾಗ ದಿನಗಟ್ಟಲೆ ಬೆಳವಣಿಗೆಯೇ ನಿಂತುಹೋಯಿತು. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂದು ತೋಟಗಾರಿಕೆ ಕಲಿಸುವವರೆಲ್ಲ ಹೇಳುವುದು ಸುಮ್ಮನೆ ಅಲ್ಲ. 6 ಸೆಂಟಿಮೀಟರ್ ಹುಲ್ಲು ಬೇಕೆಂದರೆ 9 ಸೆಂಟಿಮೀಟರ್ ಆದಾಗ ಕತ್ತರಿಸಬೇಕು. ಲೇಖನ ಹೇಳಿದಂತೆ, ಬಿಸಿಲಿನ ದಿನಗಳು ಎದುರಿಗಿರುವಾಗ ಬೇರನ್ನು ನಿಲ್ಲಿಸಿ ಮಣ್ಣನ್ನು ಬಯಲಿಗೆ ಬಿಡುವುದು ಯಾವ ಜಾಣತನವೋ ನನಗೆ ತಿಳಿಯದು.

ವರದಿ ಬೇಡ ಎನ್ನುವವರು ತಮ್ಮ ಹಿತ್ತಲಿಗೇ ಹೋಗಿ ನೋಡಲಿ. ಯಂತ್ರದ ಚಕ್ರ ತಲುಪದ ಕಡೆ, ಬೇಲಿಯ ಕಂಬದ ಬುಡದಲ್ಲೋ ನೀರಿನ ಕೊಳಾಯಿಯ ಹಿಂದೆಯೋ ಒಂದು ಹಿಡಿ ಹುಲ್ಲು ಉಳಿದಿರುತ್ತದೆ. ನಡುವಿನ ಹುಲ್ಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗಲೂ ಅದು ಹಸಿರಾಗಿರುತ್ತದೆ. ನೆರಳಿನ ಪ್ರಭಾವ, ಕೊಳಾಯಿಯ ತೇವ ಎಂದು ವಾದಿಸುವವರು ದಿನವಿಡೀ ಬಿಸಿಲು ಬೀಳುವ, ನೀರು ಸೋರದ ಒಂದು ಕಂಬವನ್ನು ಆರಿಸಿಕೊಳ್ಳಲಿ. ಅಲ್ಲೊಂದು, ಹಾಸಿನ ನಡುವೆ ಒಂದು, ಚಾಕುವಿನಿಂದ ಅಂಗೈ ಅಗಲದ ಹೆಂಟೆ ಎಬ್ಬಿಸಿ ಮಣ್ಣು ಉದುರಿಸಿ ನೋಡಲಿ. ನಡುವಿನ ಹೆಂಟೆಯಲ್ಲಿ ಬೇರು ಚಾಪೆಯಂತೆ ಮೇಲ್ಪದರದಲ್ಲೇ ಹೆಣೆದುಕೊಂಡಿರುತ್ತದೆ, ಬೆರಳಿನ ಒಂದು ಗೆಣ್ಣಿನಷ್ಟು ಕೆಳಗೆ ಬರೀ ಮಣ್ಣು. ಕಂಬದ ಬುಡದ್ದರಲ್ಲಿ ಚಾಕು ಹೋದಷ್ಟು ಆಳಕ್ಕೂ ಬಿಳಿ ಎಳೆಗಳು ಇಳಿದಿರುತ್ತವೆ, ಹೆಂಟೆಯನ್ನು ಎತ್ತುವಾಗ ಅವು ತುಂಡಾಗುವ ಸದ್ದೂ ಕೇಳುತ್ತದೆ. ನಾನು ಹೊಸ ಮನೆಯ ಕೆಲಸ ಹಿಡಿಯುವಾಗ ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇದನ್ನು ಮಾಡಿ ತೋರಿಸುತ್ತೇನೆ. ಆಮೇಲೆ ಕ್ಷೌರದ ಮಾತು ಹೆಚ್ಚಾಗಿ ಬರುವುದಿಲ್ಲ.

ಎಷ್ಟು ಎತ್ತರ ಎಂಬುದು ಹುಲ್ಲಿನ ಜಾತಿಯನ್ನು ನೋಡಿ ಹೇಳಬೇಕಾದ ಮಾತು. ಗರಿಕೆಯಂತೆ ನೆಲದ ಮೇಲೆ ಹಬ್ಬುವ, ಬಿಸಿಲು ಬಯಸುವ ಹುಲ್ಲಿಗೆ 2.5ರಿಂದ 5 ಸೆಂಟಿಮೀಟರ್ ಸಾಕು. ತಂಪು ಹವೆಯ ಫೆಸ್ಕ್ಯೂ, ಬ್ಲೂಗ್ರಾಸ್‌ನಂಥವಕ್ಕೆ 6ರಿಂದ 9 ಬೇಕು. ಅಗಲ ಎಲೆಯ ಸೇಂಟ್ ಅಗಸ್ಟೀನ್ ಹುಲ್ಲಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ. ಬಿಸಿಲಿನ ದಿನಗಳಲ್ಲಿ ಆಯಾ ಹುಲ್ಲಿನ ಮೇಲಿನ ಮಿತಿಯಲ್ಲಿ ಇಡಿ, ಮರದ ನೆರಳಿನಲ್ಲಿ ಇನ್ನೂ ತುಸು ಉದ್ದ ಬಿಡಿ. ಎಲ್ಲ ಹುಲ್ಲಿಗೂ ಒಂದೇ ‘ನೆಲಕ್ಕಂಟುವಷ್ಟು’ ಎಂದು ಬರೆಯುವವರು ತಮ್ಮ ಕೈಯಾರೆ ಹುಲ್ಲು ಕತ್ತರಿಸಿರುವುದು ಅನುಮಾನ.

ಯಂತ್ರದ ಮೇಲಿರುವ 1, 2, 3 ಎಂಬ ಗುರುತುಗಳನ್ನು ನಂಬಬೇಡಿ, ಅವು ಸೆಂಟಿಮೀಟರ್ ಅಲ್ಲ. ಯಂತ್ರವನ್ನು ಬಂದ್ ಮಾಡಿ, ಬ್ಯಾಟರಿಯನ್ನೋ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೋ ಬಿಡಿಸಿ, ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ನೆಲದಿಂದ ಬ್ಲೇಡಿನ ಅಂಚಿನವರೆಗೆ ಅಳತೆಪಟ್ಟಿ ಹಿಡಿದು ನೋಡಿ. ಜೊತೆಗೇ ಬ್ಲೇಡಿನ ಹರಿತವನ್ನೂ ನೋಡಿಬಿಡಿ. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ಬಗ್ಗಿ ನೋಡಿದರೆ ಎಸಳಿನ ತುದಿಗಳು ನಾರುನಾರಾಗಿ ಬಿಳಿಚಿಕೊಂಡಿರುತ್ತವೆ, ದೂರದಿಂದ ಇಡೀ ಹುಲ್ಲುಹಾಸಿಗೆ ಬೂದಿ ಎರಚಿದಂತೆ ಕಾಣುತ್ತದೆ. ಅದನ್ನು ನೋಡಿ ರೋಗ ಬಂದಿದೆ ಎಂದು ಔಷಧ ತಂದವರನ್ನು ನಾನು ಬಲ್ಲೆ. 20–25 ಗಂಟೆ ಓಡಿದ ಮೇಲೆ ಬ್ಲೇಡಿಗೆ ಸಾಣೆ ಹಿಡಿಸಿದರೆ ಆ ಔಷಧದ ಖರ್ಚು ಉಳಿಯುತ್ತದೆ.

ಇನ್ನು ದಿನದ ಹತ್ತು ನಿಮಿಷದ ನೀರು. ಬೇರು ಮೇಲೆಯೇ ಇದ್ದರೆ ದಿನವೂ ನೀರು ಕೇಳುತ್ತದೆ, ದಿನವೂ ಮೇಲೆಯೇ ನೀರು ಸಿಕ್ಕರೆ ಬೇರು ಕೆಳಗಿಳಿಯುವುದೇ ಇಲ್ಲ. ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಸಾಮಾನ್ಯವಾಗಿ ಸಾಕು, ಅದನ್ನು ಒಂದೋ ಎರಡೋ ಬಾರಿಗೆ ಪೂರ್ತಿ ಕೊಡಿ. 100 ಚದರ ಮೀಟರ್ ಹುಲ್ಲುಹಾಸಿಗೆ ಇದು 2,500 ಲೀಟರ್. ಓದಿದಾಗ ಹೆಚ್ಚೆನಿಸಬಹುದು, ಆದರೆ ದಿನವೂ ಚಿಮುಕಿಸಿದ ನೀರಿನಲ್ಲಿ ಬೇರಿಗೆ ಮುಟ್ಟದೆ ಆವಿಯಾಗುವ ಪಾಲೇ ದೊಡ್ಡದು. ತಳ ಸಮನಾಗಿರುವ ನಾಲ್ಕಾರು ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಎಷ್ಟು ಮಿಲಿಮೀಟರ್ ಬೀಳುತ್ತದೆ ಎಂಬುದು ತಿಳಿಯುತ್ತದೆ, ಯಾವ ಮೂಲೆಗೆ ನೀರು ಬೀಳುತ್ತಲೇ ಇಲ್ಲ ಎಂಬುದೂ ಹೊರಬೀಳುತ್ತದೆ. ಹುಲ್ಲಿಗೆ ಬಾಯಾರಿದೆಯೇ ಎಂದು ತಿಳಿಯಲು ಅದರ ಮೇಲೆ ನಡೆದು ಹಿಂತಿರುಗಿ ನೋಡಿ. ಹೆಜ್ಜೆಯ ಗುರುತಿನಿಂದ ಎಸಳು ಮೇಲೇಳದಿದ್ದರೆ, ಬಣ್ಣ ನೀಲಿಮಿಶ್ರಿತ ಬೂದಿಗೆ ತಿರುಗಿದ್ದರೆ ನೀರು ಬೇಕು. ಇಲ್ಲವಾದರೆ ಬೇಡ. ಸಂಜೆ ಕೊಟ್ಟ ನೀರು ರಾತ್ರಿಯಿಡೀ ಎಲೆಯ ಮೇಲೆ ನಿಂತು ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತದೆ, ಆದ್ದರಿಂದ ಬೆಳಗಿನ ಜಾವವೇ ಸರಿ.

ಕತ್ತರಿಸಿದ ಹುಲ್ಲನ್ನು ಬಾಚಿ ಹೊರಹಾಕಿ ಎಂಬ ಮಾತಿನ ಹಿಂದೆ ಒಂದು ಹಳೆಯ ಭಯವಿದೆ, ಅದು ಕೊಳೆಯದೆ ಬುಡದಲ್ಲಿ ಪದರಗಟ್ಟುತ್ತದೆ ಎಂದು. ಬುಡದಲ್ಲಿ ಕಟ್ಟುವ ಆ ಕಂದು ಪದರ ಎಲೆಯಿಂದ ಆದದ್ದಲ್ಲ. ಬೇಗ ಕರಗದ ಕಾಂಡ, ಬೇರು, ಹಬ್ಬುವ ಬಳ್ಳಿಗಳಿಂದ ಆದದ್ದು. ಅತಿಯಾಗಿ ಗೊಬ್ಬರ, ನೀರು ಕೊಟ್ಟ ಕಡೆ ಅದು ದಪ್ಪವಾಗುತ್ತದೆ. ಎಲೆಯ ತುಣುಕಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇರುತ್ತದೆ. ಮೂರನೇ ಒಂದು ಭಾಗದ ಲೆಕ್ಕದಲ್ಲಿ ಕತ್ತರಿಸಿದರೆ ತುಣುಕುಗಳು ಚಿಕ್ಕದಾಗಿದ್ದು ಎಸಳುಗಳ ನಡುವೆ ಇಳಿದು ಕೆಲವೇ ದಿನಗಳಲ್ಲಿ ಮಣ್ಣಾಗುತ್ತವೆ. ವರ್ಷಕ್ಕೆ ಹುಲ್ಲಿಗೆ ಬೇಕಾದ ಸಾರಜನಕದಲ್ಲಿ ಹತ್ತಿರಹತ್ತಿರ ಕಾಲು ಭಾಗ ಇದರಿಂದಲೇ ಮರಳಿ ಬರುತ್ತದೆ. ಅದನ್ನು ಚೀಲ ತುಂಬಿಸಿ ಹೊರಗಿಟ್ಟು, ಇನ್ನೊಂದು ಚೀಲದಲ್ಲಿ ಗೊಬ್ಬರ ಕೊಂಡು ಒಳಗೆ ತರುತ್ತಾರೆ! ಹಸಿಯಿದ್ದಾಗ ಕತ್ತರಿಸಿ ಮುದ್ದೆಮುದ್ದೆಯಾಗಿ ಬಿದ್ದಿದ್ದರೆ ಮಾತ್ರ ಬಾಚಿ ತೆಗೆಯಿರಿ. ಅದನ್ನಾದರೂ ತರಗೆಲೆಯ ಜೊತೆ ಬೆರೆಸಿ ಗೊಬ್ಬರದ ಗುಂಡಿಗೆ ಹಾಕಿ, ಹುಲ್ಲಿನ ಎರಡು ಮೂರು ಪಟ್ಟು ತರಗೆಲೆ ಇರಲಿ. ಬರೀ ಹಸಿ ಹುಲ್ಲಿನ ರಾಶಿ ಗಾಳಿಯಾಡದೆ ನಾರುತ್ತದೆ. ಕಳೆನಾಶಕ ಸಿಂಪಡಿಸಿದ ಹುಲ್ಲಾಗಿದ್ದರೆ ತರಕಾರಿ ಮಡಿಯ ಹತ್ತಿರವೂ ಒಯ್ಯಬೇಡಿ.

ಕಳೆಯ ವಿಷಯದಲ್ಲೂ ಬ್ಲೇಡಿನ ಎತ್ತರವೇ ಮುಖ್ಯ. ಅನೇಕ ಕಳೆಗಳ ಬೀಜ ಮೊಳೆಯಲು ಬೆಳಕು ಬೇಕು, ಎತ್ತರದ ದಟ್ಟ ಹುಲ್ಲು ಅದನ್ನು ನೆಲಕ್ಕೆ ಬೀಳಗೊಡುವುದಿಲ್ಲ. ಇನ್ನು ಕಳೆ ಎಂದು ನಾವು ಬೈಯುವ ಕ್ಲೋವರ್ ಒಂದು ಕಾಲಕ್ಕೆ ಹುಲ್ಲುಹಾಸಿನ ಬೀಜದ ಮಿಶ್ರಣದಲ್ಲೇ ಇರುತ್ತಿತ್ತು, ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಗಿಡ ಅದು. 1940ರ ದಶಕದಲ್ಲಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ 2,4-ಡಿ ಎಂಬ ಕಳೆನಾಶಕ ಬಂದಿತು, ಹುಲ್ಲನ್ನು ಬಿಟ್ಟು ಕ್ಲೋವರನ್ನು ಸಾಯಿಸಿತು. ಆಮೇಲೆ ಅದು ಕಳೆಯ ಪಟ್ಟಿಗೆ ಸೇರಿತು. ನನ್ನ ಕೆಲಸದ ಮನೆಗಳಲ್ಲಿ ಅದು ಕಂಡರೆ ನಾನು ಮುಟ್ಟುವುದಿಲ್ಲ, ಮನೆಯವರು ಹಟ ಹಿಡಿದರೆ ಮಾತ್ರ ಕೀಳುತ್ತೇನೆ.

ಲೇಖನದಲ್ಲಿ ಇಲ್ಲದಿದ್ದರೂ ಅದರ ಜೊತೆಗಿನ ಚಿತ್ರದಲ್ಲಿ ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ತಿರುಗುವ ನೈಲಾನ್ ದಾರದ ಯಂತ್ರದಿಂದ ಎಳೆಯ ಮರದ ಬುಡದ ಸುತ್ತ ಹುಲ್ಲು ಸವರುತ್ತಿರುವ ಚಿತ್ರ ಅದು. ಅಮೆರಿಕದ ಜಾರ್ಜ್ ಬಲ್ಲಾಸ್ 1971ರಲ್ಲಿ ಕಾರು ತೊಳೆಯುವ ಯಂತ್ರದ ತಿರುಗುವ ಬ್ರಷ್‌ಗಳನ್ನು ನೋಡಿ ರೂಪಿಸಿದ ಈ ಉಪಕರಣ ಬೇಲಿಯ ಅಂಚಿಗೆ ಬಹಳ ಉಪಯುಕ್ತ, ಮರದ ಬುಡಕ್ಕೆ ಶತ್ರು. ಎಳೆಯ ಮರದ ತೊಗಟೆ ತೆಳು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಇರುವುದು ಅದರ ಒಳಮೈಯಲ್ಲೇ. ದಾರ ಸುತ್ತಲೂ ತೊಗಟೆಯನ್ನು ಕೆತ್ತಿಬಿಟ್ಟರೆ ಮರ ತಕ್ಷಣ ಬೀಳುವುದಿಲ್ಲ, ನಿಂತಲ್ಲೇ ನಿಧಾನವಾಗಿ ಸಾಯುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಬುಡದ ಸುತ್ತ ಹುಲ್ಲು ತೆಗೆದು 5ರಿಂದ 8 ಸೆಂಟಿಮೀಟರ್ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟರೆ ಅಲ್ಲಿಗೆ ಯಾವ ಯಂತ್ರವೂ ಬೇಕಾಗುವುದಿಲ್ಲ.

ಈ ಬೋಳು ಹುಲ್ಲಿನ ಗೀಳಿಗೆ ಗಾಲ್ಫ್ ಮೈದಾನವೇ ಮಾದರಿಯಾಗಿರಬೇಕು. ಅಲ್ಲಿ ಚೆಂಡು ಉರುಳಿಸುವ ಜಾಗದ ಹುಲ್ಲು 3 ಮಿಲಿಮೀಟರಿನಷ್ಟೇ ಇರುತ್ತದೆ, ನಿಜ. ಅದಕ್ಕೆಂದೇ ಬೆಳೆಸಿದ ಬೇರೆ ತಳಿ ಅದು. ದಿನವೂ ಕತ್ತರಿಸಲು, ನೀರು ನೋಡಲು, ರೋಗ ಕಾಯಲು ಸಂಬಳದ ಒಂದು ತಂಡವೇ ಇರುತ್ತದೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಹುಲ್ಲು ಕತ್ತರಿಸುವ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಜುಂಗು ಸವರುವ ಯಂತ್ರವನ್ನು ನೋಡಿಯಂತೆ. ಹುಲ್ಲನ್ನು ಬಟ್ಟೆಯಂತೆ ಕಾಣುವ ಚಾಳಿ ಅಂದಿನಿಂದಲೇ ಅಂಟಿಕೊಂಡಿತೋ ಏನೋ.

ಲೇಖನವನ್ನು ನಂಬಿ ಈಗಾಗಲೇ ಬೋಳಿಸಿರುವವರಿಗಾಗಿ ಈ ನಾಲ್ಕು ಸಾಲುಗಳನ್ನಾದರೂ ಮುಂದಿನ ಭಾನುವಾರಕ್ಕೆ ಮೊದಲು ಪ್ರಕಟಿಸಿ. ಆ ಹುಲ್ಲಿಗೆ ಈಗ ಗೊಬ್ಬರ ಹಾಕಬೇಡಿ, ಬೇರಿಗೆ ಚೈತನ್ಯವಿಲ್ಲದಾಗ ಎಲೆಯನ್ನು ಬಲವಂತವಾಗಿ ಎಬ್ಬಿಸಿದಂತಾಗುತ್ತದೆ. ಬೇರು ಈಗ ಮೇಲೆಯೇ ಇರುವುದರಿಂದ ಮೊದಲು ಕೆಲವು ದಿನ ಬೆಳಗ್ಗೆ ಮಣ್ಣು ಒಣಗದಂತೆ ನೋಡಿಕೊಳ್ಳಿ, ಎಲೆ ಬಂದಂತೆ ನೀರಿನ ಅಂತರ ಹೆಚ್ಚಿಸಿ. ಅದರ ಮೇಲೆ ಓಡಾಟ ಬೇಡ. ಯಂತ್ರದ ಬ್ಲೇಡನ್ನು ನಿಮ್ಮ ಹುಲ್ಲಿಗೆ ಹೇಳಿದ ಎತ್ತರಕ್ಕೆ ಏರಿಸಿಟ್ಟು, ಹುಲ್ಲು ಅದಕ್ಕಿಂತ ಅರ್ಧದಷ್ಟು ಹೆಚ್ಚು ಬೆಳೆಯುವವರೆಗೆ ಯಂತ್ರವನ್ನು ಹೊರಗೆ ತೆಗೆಯಬೇಡಿ. ನನ್ನಂಥವರು ಬಂದು ಗಂಟೆ ಒತ್ತಿದರೂ ಸದ್ಯಕ್ಕೆ ಕೆಲಸವಿಲ್ಲ ಎಂದು ಹೇಳಿ ಕಳುಹಿಸಿ.

ಇಂತಿ,
ಹುಲ್ಲು ಕತ್ತರಿಸುವ ಕಸುಬಿನ ಒಬ್ಬ ಓದುಗ