ಎರಡೇ ದಿನ ಆಗಿದ್ದು ಪುಟ್ಟಿ

ಪುಟ್ಟಿ,

ನಿನ್ ಮೇಲ್ ಮೂರು ಸಲ ಓದ್ದೆ. ಬೇರೆ ವಿಷ್ಯ ಎಲ್ಲಾ ನಿಮ್ಮಪ್ಪ ಹೇಳಿದಾನೆ, ಅದಿರ್ಲಿ. ಕೊನೇಲಿ "ಡಯಾಜೆಪಾಮ್ ಕಸದ ಬುಟ್ಟಿಗೆ ಹಾಕ್ದೆ ಅತ್ತೆ, ಎರಡು ದಿನ ಆಯ್ತು, ಏನೂ ಆಗಿಲ್ಲ" ಅಂತ ಬರ್ದಿದೀಯಲ್ಲ, ಅಲ್ಲೇ ನಿಂತ್ಬಿಟ್ಟೆ.

ಎರಡು ದಿನಕ್ಕೆ ಏನೂ ಆಗಲ್ಲ ಕಣೆ. ಅದೇ ನನ್ ಭಯ. ಗಾಬರಿಗೆ, ಸ್ನಾಯು ಸೆಳೆತಕ್ಕೆ ಕೊಡೋ ಆ ಮಾತ್ರೆ ಮೈಯಿಂದ ಅರ್ಧ ಇಳಿಯೋಕೇ ಒಂದೆರಡು ದಿನ ತಗೊಳತ್ತೆ, ಲಿವರಲ್ಲಿ ಅದು ಇನ್ನೊಂದು ರೂಪ ತಗೊಂಡು ಅದೂ ಕೆಲಸ ಮಾಡ್ತಿರತ್ತೆ, ಅದ್ರಲ್ಲಿ ಅರ್ಧ ಹೋಗೋಕೆ 100 ಗಂಟೆ ಬೇಕಾದ್ರೂ ಬೇಕು. ನೀನು ಬಿಟ್ಟೆ ಅಂದ್ಕೊಂಡಿದೀಯ, ಮೈಗಿನ್ನೂ ಗೊತ್ತೇ ಆಗಿಲ್ಲ.

ನಂಗೆ ಕುತ್ತಿಗೆ ಹಿಡ್ಕೊಂಡಿದ್ದಾಗ ಡಾಕ್ಟ್ರು ಇದನ್ನೇ ಹತ್ತು ದಿನಕ್ಕೆ ಕೊಟ್ಟಿದ್ರು. ಕುತ್ತಿಗೆ ಸಡಿಲ ಆಯ್ತು, ಜೊತೆಗೆ ಎದೆ ಢವಢವನೂ ನಿಂತಿತ್ತು ನೋಡು, ಬಿಡೋಕೆ ಮನಸ್ಸಾಗ್ದೆ ಹಳೇ ಚೀಟಿ ತೋರ್ಸಿ ತೋರ್ಸಿ ಎರಡು ವರ್ಷ ನುಂಗ್ದೆ. ಒಂದಿನ ನಿಮ್ಮಾವ ಏನೋ ಅಂದ್ರು, ರೋಷಕ್ಕೆ ಎಲ್ಲಾ ಬಿಸಾಕ್ದೆ. ನಾಲ್ಕು ದಿನ ರಾಣಿ ತರ ಓಡಾಡ್ಕೊಂಡಿದ್ದೆ. ಐದನೇ ದಿನ ಕೈ ನಡುಕ, ಬೆವರು, ಲೈಟ್ ಹಾಕಿದ್ರೆ ಕಣ್ಣು ಚುಚ್ಚೋದು, ಏಳನೇ ರಾತ್ರಿ ಫಿಟ್ಸ್. ತಲೆಸುತ್ತಿ ಬಿದ್ದೆ ಅಂತ ನಿಮ್ಮಪ್ಪನ ಹತ್ರ ಸುಳ್ಳು ಹೇಳ್ದೆ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆವತ್ತು ನಾಚ್ಕೆ ಬಿಟ್ಟು ನಿಜ ಹೇಳಿದ್ರೆ ಇವತ್ತು ನಿಂಗೂ ಗೊತ್ತಿರ್ತಿತ್ತು.

ಇನ್ನೊಂದು ಹೊಟ್ಟೇಲಿ ಕೊರೀತಿದೆ. ಹೋದ ಸಲ ಎಲ್ಲರೆದುರು "ಇನ್ನೂ ಆ ಮಾತ್ರೆ ನುಂಗ್ತಿದೀಯಾ" ಅಂತ ಕೇಳಿದ್ದು ನಾನೇ. ಅದಕ್ಕೇ ಬಿಸಾಕಿದ್ಯಾ?

ಎಷ್ಟು ದಿನದಿಂದ ತಗೋತಿದ್ದೆ ಅಂತ ಬರ್ದಿಲ್ಲ ನೀನು. ಬರೀ ಒಂದು ವಾರ ಆಗಿದ್ರೆ ಅತ್ತೆಗೆ ಗಾಬರಿ ಜಾಸ್ತಿ ಅಂತ ನಕ್ಬಿಡು. ತಿಂಗಳುಗಟ್ಟಲೆ ಆಗಿದ್ರೆ ಇವತ್ತೇ ಡಾಕ್ಟರಿಗೆ ಹೇಳು, ಬೈದ್ರೆ ಬೈಸ್ಕೋ. ಅವ್ರು ಸ್ವಲ್ಪ ಸ್ವಲ್ಪನೇ ಇಳಿಸ್ತಾರೆ, ನಂಗೆ ಎಂಟು ತಿಂಗಳು ಹಿಡೀತು, ಕೊನೆಕೊನೆಗೆ ಬ್ಲೇಡಲ್ಲಿ ಮಾತ್ರೆ ಕಾಲು ಭಾಗ ಮಾಡ್ತಿದ್ದೆ. ನಿದ್ದೆ ಬರ್ಲಿಲ್ಲ ಅಂತ ಡ್ರಿಂಕ್ಸ್ ಮಾತ್ರ ಬೇಡ, ಅದೂ ಇದೂ ಸೇರಿದ್ರೆ ಉಸಿರೇ ನಿಧಾನ ಆಗ್ಬಿಡತ್ತೆ. ಹಳೇ ಚೀಟಿಯವಳು ನಾನು, ಬುದ್ಧಿ ಹೇಳೋಕೆ ಬಾಯಿಲ್ಲ, ಆದ್ರೂ ಹೇಳ್ತಿದೀನಿ. ಕೈ ನಡುಗಿದ್ರೆ, ಏನೇನೋ ಕಂಡಂಗಾದ್ರೆ, ನೇರ ಆಸ್ಪತ್ರೆಗೆ ಹೋಗು, ಯಾರನ್ನಾದ್ರೂ ಜೊತೆಗೆ ಕರ್ಕೊಂಡು.

ನೀನು ಎರಡು ದಿನ ಅಂದಿದ್ದು ಮೇಲ್ ಬರೆದ ದಿನಕ್ಕೆ. ನಾನು ನೋಡೋಷ್ಟರಲ್ಲಿ ಮೂರು ದಿನ ಕಳ್ದಿದೆ. ಇವತ್ತಿಗೆ ಐದು. ಬೆಳಗ್ಗೆಯಿಂದ ನಾಲ್ಕು ಸಲ ಫೋನ್ ಮಾಡ್ದೆ, ಎತ್ತಿಲ್ಲ ನೀನು. ಎತ್ತೇ.

ಅತ್ತೆ