ಗ್ಯಾಸ್ ತುಂಬಸೂದು ಬಿಡು, ಮೊದಲ ಸೋರೂದು ಹುಡುಕು

ಶಾರ್ಜಾ

ಚಿ. ಮಲ್ಲುಗ ಅಣ್ಣನ ಆಶೀರ್ವಾದ. ಅಪ್ಪಗ, ಅವ್ವಗ ನಮಸ್ಕಾರ ಹೇಳು. ನಾ ಆರಾಮ ಅದೀನಿ.

ಕಾರಿನ ಎಸಿ ತಂಪು ಕೊಡವಲ್ದು ಅಂತ ನೀ ಬರದದ್ದು ಮುಟ್ಟಿತು. ಡಯಾಲಿಸಿಸ್‌ಗಂತ ಸಿಂದಗಿಯಿಂದ ವಿಜಯಪುರಕ್ಕ ಹೋಗಿ ಬರೂದ್ರಾಗ ಅಪ್ಪ ಬೆವತು ನೀರಾಗ್ತಾರ, ಹಾದಿಗುಂಟ ನೀರು ಬೇಡ್ತಾರ ಅಂತ ಓದಿದಾಗಿಂದ ಸಮಾಧಾನ ಇಲ್ಲ. ಡಾಕ್ಟರ್ ಹೇಳಿದ ಅಳತಿ ಮೀರಿ ನೀರು ಕೊಡಾಕ ಬರೂದಿಲ್ಲ, ಕುಡದದ್ದು ಮೈಯಾಗ ಉಳದು ಕಾಲು ಬಾಯತಾವ, ದಮ್ಮು ಹತ್ತತದ. ಡಯಾಲಿಸಿಸ್ ಮುಗಿಸಿ ಬರೂ ಮುಂದ ಬಿಪಿ ಇಳದಿರತದ, ಆ ಝಳದಾಗ ಕುಂತ್ರ ತಲಿ ತಿರಗತದ. ಎಸಿ ಶೋಕಿ ಅಂತ ಅವ್ವ ಅಂತಿದ್ರ ಇದನ್ನ ಓದಿ ಹೇಳು. ಅಪ್ಪಗ ಅದು ಔಷಧ ಇದ್ದಂಗ.

ಯುಗಾದಿಗೆ ಗ್ಯಾಸ್ ತುಂಬಸಿದಿ, ಬಸವ ಜಯಂತಿ ಒಳಗ ಮತ್ತ ತುಂಬಸಿದಿ, ಈಗ ಮೂರನೇ ಸಲ ತುಂಬಸ್ರಿ ಅಂತ ಮೆಕ್ಯಾನಿಕ್ ಹೇಳ್ಯಾನ. ಬ್ಯಾಡ. ಎಸಿ ಗ್ಯಾಸ್ ಪೆಟ್ರೋಲಿನಂಗ ಸುಟ್ಟು ಖರ್ಚಾಗೂದಲ್ಲ. ಗ್ಯಾಸ್ ಒತ್ತೂ ಕಂಪ್ರೆಸರ್, ಗಾಡಿ ಮುಂದ ಕುಂತು ಬಿಸಿ ಹೊರಗ ಬಿಡೂ ಕಂಡೆನ್ಸರ್, ಒತ್ತಡ ಇಳಸೂ ಎಕ್ಸ್‌ಪಾನ್ಷನ್ ವಾಲ್ವ್, ಒಳಗಿನ ಗಾಳಿ ತಂಪು ಮಾಡೂ ಕೂಲಿಂಗ್ ಕಾಯಿಲ್, ಇಷ್ಟರಾಗ ಅದ ಗ್ಯಾಸ್ ಸುತ್ತತಿರತದ. ರಬ್ಬರ್ ಪೈಪಿನಿಂದ ವರ್ಷಾನುಗಟ್ಟಲೆ ಚೂರುಚೂರು ಹೋಗೂದು ಬ್ಯಾರೆ. ತಿಂಗಳಾಗ ಖಾಲಿ ಆಗ್ತದಂದ್ರ ತೂತು ಎಲ್ಲ್ಯೋ ಅದ.

ಅದು ಸಿಗೂತನಕ ಎಸಿ ಬಟನ್ ಒತ್ತಬ್ಯಾಡ. ಕಂಪ್ರೆಸರಿಗೆ ಎಣ್ಣಿ ಗ್ಯಾಸಿನ ಕೂಡ ತಿರಗಿ ಬರತದ. ಗ್ಯಾಸ್ ಕಮ್ಮಿ ಇದ್ರ ಎಣ್ಣಿ ವಾಪಸ್ ಬರೂದಿಲ್ಲ, ಕಂಪ್ರೆಸರ್ ಒಣಗಿ ಜಾಮ್ ಆಗತದ, ಅದರ ಲೋಹದ ಪುಡಿ ಎಲ್ಲಾ ಪೈಪಿನ್ಯಾಗ ಹೊಕ್ಕು ಖರ್ಚು ಹತ್ತು ಪಟ್ಟು ಆಗತದ.

ಗ್ಯಾರೇಜಿಗೆ ಒಯ್ಯೂ ಮೊದಲ ಒಮ್ಮೆ, ಎರಡ ನಿಮಿಷಕ್ಕಷ್ಟ ಹಚ್ಚಿ ನೋಡು. ಬಾನೆಟ್ ತಗದು ಗಾಡಿ ಚಾಲೂ ಮಾಡು, ಹೆಗಲ ಮ್ಯಾಲಿನ ಟವೆಲ್ ತಗದಿಡು, ಬೆಲ್ಟಿಗೆ ಸಿಗತದ. ಎಸಿ ಹಚ್ಚಿದ ಕೂಡಲೆ ಕಂಪ್ರೆಸರಿನಿಂದ ಟಕ್ ಅಂತ ಸಪ್ಪಳ ಬರಬೇಕು, ಪುಲ್ಲಿ ಮುಂದಿನ ತಟ್ಟಿ ಅದರ ಕೂಡ ತಿರಗಬೇಕು. ತಿರಗಲಿಲ್ಲಂದ್ರ ಗ್ಯಾಸ್ ಪೂರ್ತಿ ಇಳದು ಪ್ರೆಶರ್ ಸ್ವಿಚ್ ಕರೆಂಟ್ ಕಡದದ, ಇಲ್ಲಾ ಫ್ಯೂಸ್, ರಿಲೇ ಹೋಗ್ಯಾವ. ತಿರಗಿದ್ರ ಕೂಲಿಂಗ್ ಕಾಯಿಲಿನಿಂದ ಕಂಪ್ರೆಸರಿಗೆ ವಾಪಸ್ ಬರೂ ದಪ್ಪ ಪೈಪ್ ಹಿಡದು ನೋಡು, ತಣ್ಣಗಾಗಿ ಬೆವತಿರಬೇಕು. ಸಣ್ಣ ಪೈಪ್ ಕೈ ಸುಡತದ, ಮುಟ್ಟಬ್ಯಾಡ. ದಪ್ಪ ಪೈಪ್ ತಣ್ಣಗಿದ್ದೂ ಒಳಗ ಬಿಸಿ ಗಾಳಿ ಬಂದ್ರ ಗ್ಯಾಸಿನ ತಪ್ಪಲ್ಲ, ಡ್ಯಾಶ್‌ಬೋರ್ಡ್ ಒಳಗ ಹೀಟರಿನ ಗಾಳಿ ತಡಿಯೂ ಬಾಗಲಾ ಸಿಕ್ಕೊಂಡದ. ಓಡೂ ಮುಂದ ತಂಪಿದ್ದು ನಿಂತಾಗ ಬಿಸಿ ಆದ್ರ ಮುಂದಿನ ಫ್ಯಾನ್ ತಿರಗವಲ್ದು, ಇಲ್ಲಾ ಕಂಡೆನ್ಸರಿನ್ಯಾಗ ಜ್ವಾಳದ ಹೊಟ್ಟು, ಧೂಳ ಕುಂತದ. ಹಿಂದಿಂದ ಮುಂದಕ್ಕ ಸಣ್ಣಗ ನೀರು ಬಿಟ್ಟು ತೊಳಿ. ಜೋರು ಪ್ರೆಶರಿನ ನೀರು ಹೊಡದ್ರ ಆ ತೆಳು ಅಲ್ಯೂಮಿನಿಯಂ ರೆಕ್ಕಿ ಮಡಚಿ ಗಾಳಿ ಹೋಗೂ ಹಾದಿನ ಬಂದಾಗತದ.

ನಿನ್ನ ಗಾಡಿದು ಸೋರಿಕಿ ಅಂತ ನನಗ ಖಾತ್ರಿ. ಟಾರ್ಚ್ ಹಿಡದು ಹುಡುಕು. ಗ್ಯಾಸ್ ಹೋಗೂ ಜಾಗಾದಾಗ ಎಣ್ಣಿನೂ ಜಿನಗತದ, ಅದಕ್ಕ ಧೂಳ ಹತ್ತಿ ಕರೇ ಜಿಡ್ಡು ಕುಂತಿರತದ. ಪೈಪ್ ಜೋಡಣಿ, ಗ್ಯಾಸ್ ತುಂಬೂ ಎರಡು ಬಾಯಿ, ಕಂಪ್ರೆಸರಿನ ಶಾಫ್ಟ್, ಕಂಡೆನ್ಸರಿನ ಕೆಳಗಿನ ಮೂಲಿ, ಇವನ್ನ ಬಿಡದ ನೋಡು. ಕಬ್ಬಿನ ಟ್ರ್ಯಾಕ್ಟರ್ ಹಿಂದ ಹೋಗೂ ಗಾಡಿಗೆ ಕಲ್ಲು ಸಿಡದು ಕಂಡೆನ್ಸರ್ ತೂತಾಗೂದು ಭಾಳ. ಹಂಗಾಗಿದ್ರ ಬೆಸಿಗಿ ಹಾಕಸಬ್ಯಾಡ, ಆ ತೆಳು ಕೊಳವಿಗೆ ಅದು ತಡಿಯೂದಿಲ್ಲ. ಹೊಸಾದು ಹಾಕಸು.

ಕಣ್ಣಿಗೆ ಕಾಣಲಿಲ್ಲಂದ್ರ ನೈಟ್ರೋಜನ್ ಇರೂ ಗ್ಯಾರೇಜಿಗೆ ಒಯ್ಯಿ. ಸುಮಾರು 150 ಪಿಎಸ್‌ಐ ಒತ್ತಡ ತುಂಬಿ ಜೋಡಣಿಗೆಲ್ಲ ಸಾಬೂನು ನೀರು ಹಚ್ಚಿದ್ರ ಸೋರೂ ಕಡೆ ಬುರುಗು ಏಳತದ. ಟೈರಿಗೆ ಹೊಡಿಯೂ ಗಾಳಿ ಬ್ಯಾಡ, ಅದರಾಗ ನೀರಿನ ಪಸಿ ಇರತದ. ಆಕ್ಸಿಜನ್ ಅಂತೂ ಹತ್ರ ಸೈತ ತರಬಾರದು, ಎಣ್ಣಿಗೆ ಕೂಡಿ ಸಿಡಿತದ. ಹೊರಗ ಎಲ್ಲೂ ಸಿಗಲಿಲ್ಲಂದ್ರ ಒಳಗಿನ ಕೂಲಿಂಗ್ ಕಾಯಿಲ್ ಸೋರತಿರಬೇಕು, ಡ್ಯಾಶ್‌ಬೋರ್ಡ್ ಬಿಚ್ಚೂ ಕೆಲಸ.

ದುರಸ್ತಿ ಆದ ಮ್ಯಾಲ ನೀ ಅಲ್ಲೇ ನಿಂತು ನೋಡು. ಬಿಚ್ಚಿದ ಜೋಡಣಿಗೆ ಹೊಸಾ ಓ-ರಿಂಗ್ (ರಬ್ಬರ್ ಬಳಿ) ಬೇಕು, ಎಸಿ ಎಣ್ಣಿ ಹಚ್ಚಿ ಕೂಡಸಬೇಕು. ಪಸಿ ಹೀರೂ ಡ್ರೈಯರ್ ಹೊಸಾದು ಬೇಕು. ಆಮ್ಯಾಲ ವ್ಯಾಕ್ಯೂಮ್ ಪಂಪ್ ಹಚ್ಚಿ 45 ನಿಮಿಷ, ಪಂಪ್ ಬಂದ್ ಮಾಡಿ 15 ನಿಮಿಷ ಗೇಜಿನ ಮುಳ್ಳು ಏರತದೇನ ನೋಡಬೇಕು. ಏರಿದ್ರ ಇನ್ನೂ ಸೋರತದ. ಅವಸರ ಮಾಡಿ ಐದ ನಿಮಿಷ ಪಂಪ್ ಹಚ್ಚಿ ಬಿಟ್ರ ಒಳಗಿನ ಪಸಿ ವಾಲ್ವಿನ್ಯಾಗ ಹೆಪ್ಪಗಟ್ಟತದ. ಸ್ವಲ್ಪ ಹೊತ್ತು ತಂಪು, ಆಮ್ಯಾಲ ಬಿಸಿ, ಮತ್ತ ತಂಪು, ಹಿಂಗ ಆಟ ಆಡತದ.

ಗ್ಯಾಸ್ ತೂಕ ಮಾಡೇ ಹಾಕಸು. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಚೀಟಿ ಮ್ಯಾಲ ಬರದಿರತದ, ಸಣ್ಣ ಗಾಡಿಗೆ ಸಾಮಾನ್ಯ 350ರಿಂದ 500 ಗ್ರಾಂ. 450 ಗ್ರಾಂ ಡಬ್ಬಿ ಪೂರಾ ಸುರದು ಕಳಸೂದು ಕೆಲಸಲ್ಲ, ಹೆಚ್ಚಾದ್ರೂ ತಂಪು ಕಮ್ಮಿ ಆಗತದ. ನಿಮ್ಮ 38-40 ಡಿಗ್ರಿ ಬಿಸಲಾಗ ಆರ್-134ಎ ಗ್ಯಾಸಿಗೆ ಕಮ್ಮಿ ಒತ್ತಡದ ನೀಲಿ ಗೇಜ್ ಸುಮಾರು 35ರಿಂದ 50, ಹೆಚ್ಚು ಒತ್ತಡದ ಕೆಂಪು ಗೇಜ್ 225ರಿಂದ 275 ಪಿಎಸ್‌ಐ ತೋರಸಬೇಕು. ಡಬ್ಬಿ ಮ್ಯಾಲಿನ ಹೆಸರು ನೀನ ಓದು. ಅಗ್ಗದ ಕಲಬೆರಕಿ ಗ್ಯಾಸಿನ್ಯಾಗ ಅಡಗಿ ಗ್ಯಾಸ್ ಇರತದ, ಬೆಂಕಿ ಹತ್ತತದ.

ಇಲ್ಲಿ ಹೊಸಾ ಗಾಡಿಗಳಾಗ ಆರ್-1234ವೈಎಫ್ ಅನ್ನೂ ಬ್ಯಾರೆ ಗ್ಯಾಸ್ ಬಂದದ, ಅದು ನಮ್ಮ ಗಾಡಿಗೆ ನಡಿಯೂದಿಲ್ಲ. ದುಬೈದಾಗ ಬಸ್ಸಿಗೆ ಕಾಯೂ ಶೆಡ್ಡಿಗೂ ಎಸಿ ಹಾಕ್ಯಾರಂತ ಅಪ್ಪಗ ಹೇಳು, ನಗ್ತಾರ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ತನಕ ಬಿಸಲಾಗ ಕೆಲಸ ಮಾಡಸಬಾರದಂತ ಇಲ್ಲಿ ಕಾನೂನ ಅದ. ಅದಕ್ಕ ನನ್ನ ಚಿಂತಿ ಯಾರೂ ಮಾಡಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಉಣ್ತೀನಿ, ನಿದ್ದಿ ಆಗತದ, ಆರೋಗ್ಯ ಛಲೋ ಅದ, ಏನೂ ಕಮ್ಮಿ ಇಲ್ಲ.

ಗಾಡಿ ತಯಾರಾಗೂತನಕ ಡಯಾಲಿಸಿಸ್‌ಗೆ ಮುಂಜಾನಿ ಪಾಳಿ ಕೇಳು. ಗಾಡಿ ನೆರಳಾಗ ನಿಲ್ಲಸು, ಅಪ್ಪನ್ನ ಕೂಡಸೂ ಮೊದಲ ನಾಕೂ ಬಾಗಲಾ ತಗದು ಒಳಗಿನ ಝಳಾ ಹೊರಗ ಬಿಡು. ಕೊರಳಿಗೆ ಹಸಿ ಅರವಿ ಹಾಕು. ರೊಕ್ಕ ಈ ವಾರ ಹಾಕ್ತೀನಿ, ಕಂಡೆನ್ಸರ್ ಬೇಕಾದ್ರೂ ಹಿಂದ ಮುಂದ ನೋಡಬ್ಯಾಡ. ಗಾಡಿ ತಣ್ಣಗಾದ ದಿನ ಅಪ್ಪ ಹಾದ್ಯಾಗ ಎಷ್ಟು ನೀರು ಕುಡದ್ರು ಅಂತ ಮರೀದ ಬರಿ.

ಗ್ಯಾರೇಜಿನವರು ಕರ್ಯಾಕತ್ಯಾರ, ಸಾಕು ಮಾಡ್ತೀನಿ.

ನಿನ್ನ ಅಣ್ಣ