ಜಾಥಾ ಮುಗಿದ ಮೇಲೇನು?

ಮಾನ್ಯ ಸಂಪಾದಕರೇ,

ಜೂನ್ 26 ಬಂತೆಂದರೆ ಮೈಸೂರಿನ ಶಾಲೆಗಳಲ್ಲಿ ಮಾದಕ ವಸ್ತು ವಿರೋಧಿ ಜಾಥಾ, ಪ್ರತಿಜ್ಞೆ, ಒಂದು ಭಾಷಣ. ಆದರೆ ಯಾವ ತರಗತಿಯ ಮಕ್ಕಳಲ್ಲಿ ಯಾವ ಚಟ ಶುರುವಾಗಿದೆ ಎಂಬ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ. ಅದನ್ನು ಅಳೆಯಬಲ್ಲ ಸಂಶೋಧಕರು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಇದ್ದಾರೆ. ಶಾಲೆಗಳು ಅವರನ್ನು ಕರೆಸಿಕೊಳ್ಳಬೇಕು.

ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿ, ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿ, ಪೋಷಕರ ಒಪ್ಪಿಗೆ ಪಡೆದು ಜುಲೈನಲ್ಲಿ 8, 9ನೇ ತರಗತಿಗಳಲ್ಲಿ ಸಮೀಕ್ಷೆ ನಡೆಯಲಿ. ಫಲಿತಾಂಶ ದಸರಾ ರಜೆಗೆ ಮುಂಚೆ ಶಾಲೆಗೆ ಮರಳಲೇಬೇಕು. ಎರಡು ವರ್ಷ ಬಿಟ್ಟು ಪ್ರಬಂಧವಾಗಿ ಅಚ್ಚಾಗುವ ಹೊತ್ತಿಗೆ 9ನೇ ತರಗತಿಯಲ್ಲಿದ್ದ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗಿರುತ್ತಾರೆ.

ಸಮೀಕ್ಷೆ ಕೆಡುವುದು ಸಣ್ಣಪುಟ್ಟ ಸಂಗತಿಗಳಲ್ಲಿ. ಹಾಳೆಯಲ್ಲಿ ಹೆಸರು, ರೋಲ್ ನಂಬರ್ ಇರಬಾರದು. ಉತ್ತರ ಬರೆಸಬಾರದು, ಟಿಕ್ ಮಾತ್ರ. ಅಕ್ಷರ ನೋಡಿದರೆ ಯಾರದೆಂದು ಮೇಷ್ಟ್ರಿಗೆ ಗೊತ್ತಾಗುತ್ತದೆ. ಶಿಕ್ಷಕರು ಬೆಂಚುಗಳ ನಡುವೆ ಓಡಾಡಿದರೆ ಮಕ್ಕಳು ‘ಇಲ್ಲ’ ಎಂದೇ ಗುರುತು ಹಾಕುತ್ತಾರೆ. ಬೀಗ ಹಾಕಿದ ಡಬ್ಬಿಗೆ ಮಕ್ಕಳೇ ಹಾಳೆ ಹಾಕಲಿ, ಡಬ್ಬಿ ಸಂಶೋಧಕರ ಜೊತೆ ಹೋಗಲಿ. ಹಾಳೆಯಲ್ಲಿರುವ ಮಾದಕಗಳ ಪಟ್ಟಿಯಲ್ಲಿ, ಇಲ್ಲವೇ ಇಲ್ಲದ, ಕಟ್ಟಿದ ಹೆಸರಿನ ಮಾದಕವೊಂದನ್ನೂ ಸೇರಿಸುವುದುಂಟು. ಅದನ್ನೂ ಬಳಸಿದ್ದೇನೆ ಎಂದವರ ಹಾಳೆ ಬದಿಗಿಡಬಹುದು. ಮಂಡ್ಯ ಸುತ್ತಿನ ಹಳ್ಳಿ ಶಾಲೆಯಲ್ಲಿ ತರಗತಿಗೆ ಹದಿನೈದೇ ಮಕ್ಕಳಿದ್ದರೆ ನಾಲ್ಕೈದು ಶಾಲೆಗಳ ಲೆಕ್ಕ ಒಟ್ಟಿಗೆ ಕೊಡಬೇಕು. ಇಲ್ಲವಾದರೆ ಯಾರೆಂದು ಊರಿಗೇ ತಿಳಿದುಬಿಡುತ್ತದೆ.

ಬಂದ ಅಂಕಿ ಕಪಾಟು ಸೇರದಿರಲಿ. ‘ನಿಮ್ಮ ಓರಗೆಯವರಲ್ಲಿ ನೂರಕ್ಕೆ ಎಷ್ಟು ಮಂದಿ ಗುಟ್ಕಾ ಹಾಕುತ್ತಾರೆ?’ ಎಂದು ಕೇಳಿ, ಮಕ್ಕಳ ಊಹೆಯನ್ನು ಬೋರ್ಡಿನ ಎಡಕ್ಕೂ ಸಮೀಕ್ಷೆಯ ಅಂಕಿಯನ್ನು ಬಲಕ್ಕೂ ಬರೆಯಬೇಕು. ಊಹೆ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ‘ಎಲ್ರೂ ಹಾಕ್ತಾರೆ’ ಎಂಬ ನಂಬಿಕೆ ಅಲ್ಲೇ ಸಡಿಲಗೊಳ್ಳುತ್ತದೆ. ಹಾಳಾದ ಶ್ವಾಸಕೋಶದ ಚಿತ್ರ ತೋರಿಸಿ ಹೆದರಿಸುವುದರಿಂದ ಈ ಕೆಲಸ ಆಗದು.

ನಮ್ಮ ದೇಶದಲ್ಲೇ ಇದಕ್ಕೆ ಮಾದರಿಯಿದೆ. 2004ರಿಂದ ಎರಡು ವರ್ಷ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ತಂಬಾಕು ತಡೆಯುವ ‘ಮೈತ್ರಿ’ ಯೋಜನೆ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ತರಗತಿ ಚಟುವಟಿಕೆ, ಸಹಪಾಠಿಗಳದ್ದೇ ಮುಂದಾಳುತನ, ಪೋಷಕರಿಗೆ ಅಂಚೆಕಾರ್ಡು. ಅಲ್ಲಿ ತಂಬಾಕು ಬಳಕೆ ಶೇ 17ರಷ್ಟು ಇಳಿಯಿತು, ಉಳಿದವುಗಳಲ್ಲಿ ಶೇ 68ರಷ್ಟು ಏರಿತು. ಹಾಗೆಂದು ಯಾವ ಪಾಠವನ್ನೂ ಕಣ್ಣುಮುಚ್ಚಿ ತರುವಂತಿಲ್ಲ. ಯುರೋಪಿನ 12 ಪಾಠಗಳ ಮಾದಕ ತಡೆ ಕಾರ್ಯಕ್ರಮವನ್ನು ಬ್ರೆಜಿಲ್‌ಗೆ ಒಯ್ದಾಗ ಮದ್ಯದ ರುಚಿ ನೋಡಿದ ಮಕ್ಕಳು ಹೆಚ್ಚಾದರು. ಆದ್ದರಿಂದ ಕೆಲವು ಶಾಲೆಗಳಲ್ಲಿ ಈ ವರ್ಷ, ಉಳಿದವುಗಳಲ್ಲಿ ಮುಂದಿನ ವರ್ಷ ಶುರುಮಾಡಿ ಹೋಲಿಸಿ ನೋಡಬೇಕು.

ಸಿಕ್ಕಿಬಿದ್ದ ಮಗುವಿಗೆ ಟಿಸಿ ಕೊಟ್ಟು ಕೈತೊಳೆದುಕೊಳ್ಳುವುದು ಮೊದಲು ನಿಲ್ಲಲಿ. ಶಾಲೆ ಬಿಟ್ಟ ಹುಡುಗನಿಗೆ ಉಳಿಯುವುದು ಅವನಿಗೆ ಪೊಟ್ಟಣ ಕೊಟ್ಟವರ ಸಹವಾಸವೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಮುಖ್ಯಶಿಕ್ಷಕರ ಕೊಠಡಿಯಲ್ಲಿ ತೂಗುವುದು ಬೇಡ. ಶೌಚಾಲಯದ ಬಾಗಿಲ ಒಳಬದಿಯಲ್ಲಿ, ಯಾರೂ ನೋಡದಾಗ ಮಗು ಓದಿಕೊಳ್ಳುವಂತೆ ಬರೆಸಿ.

– ಇಬ್ಬರು ಪ್ರೌಢಶಾಲಾ ಶಿಕ್ಷಕರು, ಮೈಸೂರು